ಉಪ್ಪುಗಾಳಿ, ಘಟ್ಟದ ಸಿಗ್ನಲ್ಲು, ಕುತ್ತಿಗೆ ನೋವು: ನಮ್ಮ ಕಡೆಯವರಿಗೊಂದು ಮೊಬೈಲ್ ಮಾರ್ಗದರ್ಶಿ

ಮಳೆ ಹಿಡಿದು ವಾರ ಆಗುವಷ್ಟರಲ್ಲಿ ಕಾರವಾರದ ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಒಂದೇ ದೂರು: ಚಾರ್ಜ್ ಆಗ್ತಿಲ್ಲ. ಅಂಗಡಿಯವರು ಟಾರ್ಚ್ ಹಾಕಿ ಚಾರ್ಜಿಂಗ್ ತೂತಿನೊಳಗೆ ನೋಡುತ್ತಾರೆ. ಸಣ್ಣ ಸಣ್ಣ ಪಿನ್ನುಗಳ ಸಾಲಿನಲ್ಲಿ ಒಂದೆರಡಕ್ಕೆ ಹಸಿರು ಕಿಲುಬು ಹತ್ತಿರುತ್ತದೆ. ಎಷ್ಟೋ ಸಲ ಆ ಫೋನು ನೀರಿಗೆ ಬಿದ್ದಿರುವುದೇ ಇಲ್ಲ. ಒದ್ದೆ ಜೇಬು, ಕಡಲ ಗಾಳಿ, ತೇವ ಹಿಡಿದ ಕೇಬಲ್ಲು, ಇಷ್ಟೇ ಸಾಕು.

ಎಲ್ಲೆಲ್ಲೋ ಸಿಗುವ ಮೊಬೈಲ್ ಸಲಹೆಗಳಲ್ಲಿ ಈ ಕಿಲುಬಿನ ಮಾತೇ ಇರುವುದಿಲ್ಲ. ಬಯಲುಸೀಮೆಯ ಗಾಳಿಯಲ್ಲಿ ಉಪ್ಪಿಲ್ಲ, ನಮ್ಮಲ್ಲಿದೆ. ಘಟ್ಟ ಹತ್ತಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹೋದರೆ ಉಪ್ಪಿನ ಕಾಟ ತಪ್ಪುತ್ತದೆ, ಸಿಗ್ನಲ್ಲಿನ ಕಾಟ ಶುರುವಾಗುತ್ತದೆ. ಅದಕ್ಕೇ ಇದನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಯ ಲೆಕ್ಕದಲ್ಲೇ ಬರೆಯುತ್ತಿದ್ದೇನೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಮೊಬೈಲ್ ಅಂದರೆ ಹೆದರಿಕೆ ಎಲ್ಲ ಟವರಿನ ಮೇಲೆ, ರೇಡಿಯೇಶನ್ ಮೇಲೆ. ದಿಂಬಿನ ಕೆಳಗೆ ಚಾರ್ಜಿಗೆ ಹಾಕಿದ ಫೋನಿನ ಬಗ್ಗೆ, ಉಬ್ಬಿದ ಬ್ಯಾಟರಿಯ ಬಗ್ಗೆ, ರಾತ್ರಿ ಒಂದು ಗಂಟೆಯವರೆಗಿನ ರೀಲ್ಸ್ ಬಗ್ಗೆ ಯಾರಿಗೂ ಹೆದರಿಕೆ ಇಲ್ಲ. ನನ್ನ ಪ್ರಕಾರ ಇದು ತಲೆಕೆಳಗು. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಚಾರ್ಜಿಂಗ್ ತೂತಿಗೆ ನೀರು ಹೋದರೆ

ಈಗಿನ ಹಲವು ಫೋನುಗಳು ತೇವ ಕಂಡರೆ ತಾವೇ ಎಚ್ಚರಿಸುತ್ತವೆ. ಸ್ಕ್ರೀನ್ ಮೇಲೆ ನೀರಿನ ಹನಿಯ ಚಿತ್ರ ಬರುತ್ತದೆ, ಚಾರ್ಜಿಂಗ್ ನಿಲ್ಲುತ್ತದೆ. ಇದು ಕೆಟ್ಟಿದ್ದಲ್ಲ, ಕಾಪಾಡಿಕೊಳ್ಳುತ್ತಿರುವುದು. ತೇವ ಇರುವಾಗ ಕರೆಂಟ್ ಹರಿದರೆ ಪಿನ್ನಿಗೆ ಕಿಲುಬು ಬೇಗ ಹಿಡಿಯುತ್ತದೆ. ಉಪ್ಪುನೀರಾದರೆ ಇನ್ನೂ ಬೇಗ. ಎಚ್ಚರಿಕೆ ಬಂದಾಗ ಕೇಬಲನ್ನು ಮತ್ತೆ ಮತ್ತೆ ಚುಚ್ಚಿ ನೋಡುವುದು ಎಲ್ಲರ ಅಭ್ಯಾಸ. ಅದನ್ನು ಬಿಡಿ. ಬದಲಿಗೆ ಹೀಗೆ ಮಾಡಿ:

1. ಚಾರ್ಜಿಗೆ ಹಾಕಿದ್ದರೆ ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ, ಆಮೇಲೆ ಕೇಬಲ್ ಎಳೆಯಿರಿ. ಕೈ ಒಣಗಿರಲಿ.
2. ಫೋನನ್ನು ಪೂರ್ತಿ ಆಫ್ ಮಾಡಿ. ಕವರ್ ಬಿಚ್ಚಿ, ಸಿಮ್ ಟ್ರೇ ಹೊರಗೆ ತೆಗೆಯಿರಿ. ಕವರಿನ ಒಳಗೆ ಎಷ್ಟು ತೇವ ಕೂತಿರುತ್ತದೆ ಅಂತ ಆಗ ಗೊತ್ತಾಗುತ್ತದೆ.
3. ಹಳೆಯ ಹತ್ತಿ ಪಂಚೆಯ ತುಂಡಿನಿಂದ ಹೊರಗೆಲ್ಲ ಒರೆಸಿ. ಚಾರ್ಜಿಂಗ್ ತೂತು ಕೆಳಮುಖ ಆಗುವಂತೆ ಹಿಡಿದು ಅಂಗೈ ಮೇಲೆ ಮೆಲ್ಲಗೆ ತಟ್ಟಿ.
4. ಅದೇ ಭಂಗಿಯಲ್ಲಿ ಫ್ಯಾನಿನ ಎದುರು ಒರಗಿಸಿಡಿ. ಮಳೆಗಾಲದ ಗಾಳಿಯೇ ಒದ್ದೆ, ಹಾಗಾಗಿ ಬೇಸಿಗೆಗಿಂತ ಹೊತ್ತು ಜಾಸ್ತಿ ಬೇಕು. ರಾತ್ರಿ ಇಟ್ಟು ಬೆಳಿಗ್ಗೆ ನೋಡಿ.
5. ಅವಸರ ಇದ್ದರೂ ಬಚ್ಚಲ ಒಲೆಯ ಹತ್ತಿರ ಇಡಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ. ಬಿಸಿಗೆ ಒಳಗಿನ ಅಂಟು ಬಿಡುತ್ತದೆ, ಬ್ಯಾಟರಿಯೂ ಹಾಳಾಗುತ್ತದೆ.

ಅಕ್ಕಿ ಡಬ್ಬದ ಮಾತಿಗೆ ಬರೋಣ. ಒದ್ದೆ ಫೋನನ್ನು ಅಕ್ಕಿಯಲ್ಲಿ ಹೂಳುವುದು ಮನೆಮನೆಯ ಮದ್ದು. ಪ್ರಯೋಜನ ಇಲ್ಲ. ಅಕ್ಕಿಯ ಹುಡಿ ಹೋಗಿ ಅದೇ ತೂತಿನಲ್ಲಿ ಕೂರುತ್ತದೆ. ಆ್ಯಪಲ್ ಕಂಪನಿಯೇ ಹಾಗೆ ಮಾಡಬೇಡಿ ಅಂತ ತನ್ನ ಸೂಚನೆಯಲ್ಲಿ ಬರೆದಿದೆ. ಹೊಸ ಚಪ್ಪಲಿ, ಬ್ಯಾಗುಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಒಂದು ಮುಚ್ಚಳ ಗಟ್ಟಿ ಇರುವ ಡಬ್ಬದಲ್ಲಿ ಕೂಡಿಡಿ. ಒದ್ದೆ ಫೋನನ್ನು ಅದರೊಳಗಿಡಿ, ಅಕ್ಕಿಗಿಂತ ಅದು ಲೇಸು.

ಸಮುದ್ರದ ನೀರಿಗೆ ಬಿದ್ದರೆ ಕತೆ ಬೇರೆ. ನೀರು, ಧೂಳು ತಡೆಯುವ ದರ್ಜೆ ಐಪಿ68 ಅಂತ ಡಬ್ಬಿಯ ಮೇಲೆ ಬರೆದಿದೆಯಲ್ಲ, ಅದು ಸಿಹಿನೀರಿನಲ್ಲಿ, ಲ್ಯಾಬಿನೊಳಗೆ ಮಾಡಿದ ಪರೀಕ್ಷೆ. ಕಾರವಾರದ ಟಾಗೋರ್ ಕಡಲತೀರದ ತೆರೆಗೆ ಅದು ಅನ್ವಯಿಸುವುದಿಲ್ಲ. ನೀರು ತಡೆಯುವ ಫೋನಾದರೆ ಆಫ್ ಮಾಡಿ, ಸ್ವಲ್ಪ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆದು ಉಪ್ಪು ಬಿಡಿಸಿ, ಆಮೇಲೆ ಒಣಗಿಸಿ. ಆ ತರದ ಫೋನಲ್ಲವಾದರೆ ತೊಳೆಯಲೂ ಬೇಡಿ, ಆನ್ ಮಾಡಲೂ ಬೇಡಿ, ನೇರ ಅಂಗಡಿಗೆ ಒಯ್ಯಿರಿ. "ನಾಳೆ ನೋಡ್ವ" ಅಂದರೆ ಉಪ್ಪು ಕಾಯುವುದಿಲ್ಲ. ಮತ್ತೊಂದು: ನೀರಿನಿಂದ ಆದ ಹಾನಿಗೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ. ಒಳಗೆ ಒಂದು ಪುಟಾಣಿ ಸ್ಟಿಕ್ಕರ್ ಇರುತ್ತದೆ, ನೀರು ತಾಗಿದರೆ ಕೆಂಪಾಗುತ್ತದೆ. ನೀವು ಏನೇ ಹೇಳಿ, ಅವರು ಅದನ್ನು ನೋಡಿಬಿಡುತ್ತಾರೆ.

ಬೈತಖೋಲ ಬಂದರಿನಲ್ಲಿ ದೋಣಿಯವರು ಫೋನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಳ್ಳುತ್ತಾರೆ. ಒಳ್ಳೆಯದೇ. ಆದರೆ ಒದ್ದೆ ಕೈಯಲ್ಲಿ ಸುತ್ತಿದರೆ ತೇವವನ್ನೂ ಸೇರಿಸಿ ಕಟ್ಟಿದಂತೆ. ಮೊದಲು ಒರೆಸಿ, ಆಮೇಲೆ ಸುತ್ತಿ. ದಡಕ್ಕೆ ಬಂದ ಕೂಡಲೇ ಬಿಚ್ಚಿ ಗಾಳಿಗಿಡಿ.

ತೇವ ಇಲ್ಲದೆಯೂ ಕೇಬಲ್ ಸಡಿಲ ಕೂರುತ್ತಿದ್ದರೆ ತೂತಿನಲ್ಲಿ ಜೇಬಿನ ನೂಲುಹುಡಿ ಗಟ್ಟಿಯಾಗಿದೆ ಅಂತ ಅರ್ಥ. ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಬದಿಯಿಂದ ಕೆದಕಿ. ಗುಂಡುಸೂಜಿ, ಸೇಫ್ಟಿ ಪಿನ್ನು ಬೇಡ.

ಚಾರ್ಜರು, ಬಿಸಿ, ಬ್ಯಾಟರಿ

ಚಾರ್ಜಿಗೆ ಹಾಕಿದಾಗ ಸ್ಕ್ರೀನ್ ತನ್ನಷ್ಟಕ್ಕೇ ಓಡುತ್ತದೆ, ಒತ್ತಿದ್ದು ಒಂದು ಬರುವುದು ಇನ್ನೊಂದು. ಮನೆಯಲ್ಲಿ ಹಿರಿಯರು ಇದಕ್ಕೆ "ಫೋನಿಗೆ ವೈರಸ್ ಬಂತು" ಅನ್ನುತ್ತಾರೆ. ವೈರಸ್ ಅಲ್ಲ. ಸ್ಕ್ರೀನು ಬೆರಳಿನ ಸಣ್ಣ ವಿದ್ಯುತ್ ಪರಿಣಾಮವನ್ನು ಗುರುತಿಸಿ ಕೆಲಸ ಮಾಡುತ್ತದೆ. ಕಳಪೆ ಚಾರ್ಜರು ಶುದ್ಧವಲ್ಲದ ಕರೆಂಟ್ ಕೊಟ್ಟರೆ ಸ್ಕ್ರೀನಿಗೆ ಗೊಂದಲ. ಚಾರ್ಜರ್ ಎಳೆದು ನೋಡಿ, ಕುಣಿತ ನಿಂತರೆ ತಪ್ಪು ಚಾರ್ಜರಿನದು. ಸ್ಕ್ರೀನ್ ಮೇಲೆ ನೀರಿನ ಹನಿ, ಬೆವರು ಇದ್ದರೂ ಹೀಗೇ ಆಗುತ್ತದೆ. ಒರೆಸಿದರೆ ಸರಿ.

ಹೊಸ ಚಾರ್ಜರ್ ಕೊಳ್ಳುವಾಗ ಹಿಂದೆ ಬರೆದ ಸಣ್ಣ ಅಕ್ಷರ ಓದಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಜೊತೆಗೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ನಂಬರ್ ಇರಬೇಕು. ಆ ನಂಬರನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅದು ಅಸಲಿಯೋ ಅಲ್ಲವೋ ಅಲ್ಲೇ ಗೊತ್ತಾಗುತ್ತದೆ. ಸಂತೆಯಲ್ಲಿ ರಾಶಿ ಹಾಕಿ ಮಾರುವ ಚಾರ್ಜರುಗಳಲ್ಲಿ ಎಷ್ಟಕ್ಕೆ ಈ ನಂಬರ್ ಇದೆ ಅಂತ ಒಮ್ಮೆ ಸುಮ್ನೆ ತಿರುವಿ ನೋಡಿ.

ಲೋಹದ ಅಂಚಿನ ಫೋನು ಚಾರ್ಜಿನಲ್ಲಿದ್ದಾಗ ಮುಟ್ಟಿದರೆ ಜುಮ್ ಅನ್ನುತ್ತದೆ ಅಲ್ವಾ? ಎರಡು ಪಿನ್ನಿನ ಚಾರ್ಜರಿಗೆ ಅರ್ಥಿಂಗ್ ಇಲ್ಲ, ಅದರಿಂದ ತೀರಾ ಸಣ್ಣ ಕರೆಂಟ್ ಸೋರುತ್ತದೆ. ಬರಿಗಾಲಿನಲ್ಲಿ ಒದ್ದೆ ನೆಲದ ಮೇಲೆ ನಿಂತರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಜುಮ್ ಅನ್ನುವಷ್ಟಾದರೆ ಅಪಾಯವಿಲ್ಲ. ಶಾಕ್ ಹೊಡೆದಂತೆ ಆದರೆ ಆ ಚಾರ್ಜರ್ ಎಸೆಯಿರಿ.

ಬ್ಯಾಟರಿ ಬಗ್ಗೆ ಮೂರೇ ಮಾತು. ಬ್ಯಾಟರಿಗೆ ಬಿಸಿಯೇ ಶತ್ರು, 35 ಡಿಗ್ರಿ ಸೆಲ್ಸಿಯಸ್ ದಾಟಿದ ಜಾಗದಲ್ಲಿ ಬಳಸಬೇಡಿ ಅಂತ ಕಂಪನಿಗಳೇ ಹೇಳುತ್ತವೆ. ಏಪ್ರಿಲ್ ಮಧ್ಯಾಹ್ನ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಅದಕ್ಕಿಂತ ಎಷ್ಟೋ ಬಿಸಿ. ಎರಡನೆಯದು, ಚಾರ್ಜ್ ಶೇಕಡಾ 20ರಿಂದ 80ರ ನಡುವೆ ಓಡಾಡಿಕೊಂಡಿದ್ದರೆ ಬ್ಯಾಟರಿಯ ಆಯಸ್ಸು ಜಾಸ್ತಿ. ಈಗಿನ ಬಹಳಷ್ಟು ಫೋನುಗಳ ಬ್ಯಾಟರಿ ಸೆಟ್ಟಿಂಗಿನಲ್ಲಿ 80ಕ್ಕೆ ನಿಲ್ಲಿಸುವ ಆಯ್ಕೆ ಇದೆ. ಆದರೆ ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಬಾರದ ಊರಿನವರು ಈ ಶಾಸ್ತ್ರ ಪಾಲಿಸುತ್ತಾ ಕೂರಬೇಕಿಲ್ಲ, ನೂರು ತುಂಬಿಸಿಕೊಳ್ಳಿ. ಮೂರನೆಯದು, ಹಿಂಬದಿ ಉಬ್ಬಿದ, ಸ್ಕ್ರೀನ್ ಅಂಚು ಎದ್ದ ಫೋನನ್ನು ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. "ಇನ್ನೂ ಓಡ್ತದೆ" ಅಂತ ಇಟ್ಟುಕೊಳ್ಳುವ ವಸ್ತುವಲ್ಲ ಅದು. ಬೆಂಕಿ ಹತ್ತಬಹುದು.

ಸಿಡಿಲಿನ ಬಗ್ಗೆ ಕೇಳುತ್ತಾರೆ. ಕೈಯಲ್ಲಿ ಮೊಬೈಲ್ ಇದ್ದರೆ ಸಿಡಿಲು ಎಳೆಯುತ್ತದೆ ಅನ್ನುವುದು ಸುಳ್ಳು. ಅಪಾಯ ಇರುವುದು ವೈರಿನಲ್ಲಿ. ಸಿಡಿಲಿನ ವಿದ್ಯುತ್ತು ಮನೆಯ ವೈರಿಂಗಿನಿಂದ ಚಾರ್ಜರಿಗೆ, ಅಲ್ಲಿಂದ ಕೈಗೆ ಬರಬಹುದು. ಗುಡುಗು ಶುರುವಾದರೆ ಪ್ಲಗ್ಗಿನಿಂದ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಗದ್ದೆ, ತೋಟದಲ್ಲಿ ಕೆಲಸ ಇರುವವರು ದಾಮಿನಿ ಆ್ಯಪ್ ಹಾಕಿಕೊಳ್ಳಿ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ಮಾಡಿದ್ದು, ಸುತ್ತಮುತ್ತ ಸಿಡಿಲು ಬೀಳುವ ಸೂಚನೆ ಕೊಡುತ್ತದೆ.

ಘಟ್ಟದಲ್ಲಿ ಫೋನ್ ಬಿಸಿ ಯಾಕೆ

ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ಮುಟ್ಟುವಷ್ಟರಲ್ಲಿ ಜೇಬಿನಲ್ಲಿ ಸುಮ್ಮನೆ ಮಲಗಿದ್ದ ಫೋನಿನ ಬ್ಯಾಟರಿ ಇಳಿದಿರುತ್ತದೆ, ಮೈ ಬೆಚ್ಚಗಿರುತ್ತದೆ. ಸಿಗ್ನಲ್ ಕಡಿಮೆಯಾದಷ್ಟೂ ಫೋನು ಟವರನ್ನು ಮುಟ್ಟಲು ಜೋರಾಗಿ ಕೂಗುತ್ತದೆ, ಅಷ್ಟೇ. ಅಂಕೋಲಾ–ಯಲ್ಲಾಪುರದ ಅರಬೈಲು ಘಟ್ಟದಲ್ಲೂ, ಜೋಯಿಡಾ ಕಡೆಯ ಕಾಡಿನಲ್ಲೂ, ಕೊಂಕಣ ರೈಲ್ವೆಯ ಸುರಂಗಗಳಲ್ಲೂ ಇದೇ ಕತೆ.

ಏನು ಮಾಡಬಹುದು? ಸಿಗ್ನಲ್ ಇಲ್ಲದ ದಾರಿ ಅಂತ ಗೊತ್ತಿದ್ದರೆ ಏರೋಪ್ಲೇನ್ ಮೋಡ್ ಹಾಕಿ. ದಾರಿಯ ಮ್ಯಾಪನ್ನು ಮನೆಯಲ್ಲೇ ಇಳಿಸಿಕೊಳ್ಳಿ, ಜಿಪಿಎಸ್ ಸಿಗ್ನಲ್ ಇಲ್ಲದೆಯೂ ನಡೆಯುತ್ತದೆ. ಊರಿನಲ್ಲಿ 5ಜಿ ಒಂದು ಕಡ್ಡಿ ಬಂದು ಹೋಗಿ ಮಾಡುತ್ತಿದ್ದರೆ ಸೆಟ್ಟಿಂಗಿನಲ್ಲಿ ಸಿಮ್ ಆಯ್ಕೆಗೆ ಹೋಗಿ 4ಜಿ ಅಥವಾ ಎಲ್‌ಟಿಇಗೆ ನಿಲ್ಲಿಸಿ. ವೇಗ ಕಡಿಮೆ ಅನಿಸಬಹುದು, ಆದರೆ ಮಾತು ತುಂಡಾಗುವುದು ತಪ್ಪುತ್ತದೆ.

ಬಹಳ ಜನ ಬಳಸದ ಒಂದು ಸೌಲಭ್ಯ ವೈಫೈ ಕಾಲಿಂಗ್. ಶಿರಸಿ, ಸಿದ್ದಾಪುರದ ಎಷ್ಟೋ ಹಳ್ಳಿಮನೆಗಳಿಗೆ ಫೈಬರ್ ಬಂದಿದೆ, ಮೊಬೈಲ್ ಸಿಗ್ನಲ್ ಮಾತ್ರ ಜಗಲಿಯ ಮೂಲೆಗೆ, ಇಲ್ಲವೇ ಅಂಗಳದ ತುದಿಗೆ. ಮನೆಯವರೆಲ್ಲ ಅಲ್ಲಿ ಹೋಗಿ ನಿಂತು ಮಾತಾಡುವುದು. ಸೆಟ್ಟಿಂಗ್ಸ್ ತೆರೆದು ಮೇಲಿನ ಹುಡುಕುವ ಜಾಗದಲ್ಲಿ "ವೈಫೈ ಕಾಲಿಂಗ್" ಅಂತ ಹುಡುಕಿ, ನಿಮ್ಮ ಸಿಮ್ಮಿಗೆ ಆನ್ ಮಾಡಿ. ಫೋನು ಮತ್ತು ಸಿಮ್ ಕಂಪನಿ ಎರಡೂ ಅದನ್ನು ಕೊಟ್ಟಿರಬೇಕು. ಕೊಟ್ಟಿದ್ದರೆ ಅಡಿಗೆಮನೆಯಲ್ಲಿ ಕೂತೇ ಮಾಮೂಲಿ ಕರೆ ಬರುತ್ತದೆ, ಮಾಮೂಲಿ ಕರೆ ಹೋಗುತ್ತದೆ. ವಾಟ್ಸಾಪ್ ಬೇಕಿಲ್ಲ.

ಮಾಜಾಳಿ, ಸದಾಶಿವಗಡದ ಕಡೆಯವರಿಗೆ ಇನ್ನೊಂದು ಕಿರಿಕಿರಿ ಇದೆ. ಫೋನು ಗಡಿಯಾಚೆಯ ಗೋವಾ ಟವರನ್ನು ಹಿಡಿದರೆ ಅದರ ಲೆಕ್ಕದಲ್ಲಿ ರೋಮಿಂಗ್. ಡೇಟಾ ರೋಮಿಂಗ್ ಆಫ್ ಇದ್ದರೆ ನೆಟ್ ದಿಢೀರನೆ ನಿಲ್ಲುತ್ತದೆ. ಅದನ್ನು ಆನ್ ಮಾಡಿಡಿ. ದೇಶದೊಳಗಿನ ರೋಮಿಂಗಿಗೆ ಈಗಿನ ಪ್ಯಾಕುಗಳಲ್ಲಿ ಸಾಮಾನ್ಯವಾಗಿ ಬೇರೆ ದುಡ್ಡಿಲ್ಲ.

2023ರಲ್ಲಿ ಒಮ್ಮೆ ಎಲ್ಲರ ಫೋನೂ ಒಟ್ಟಿಗೆ ಕಿರುಚಿದ್ದು ನೆನಪಿರಬಹುದು, ತುರ್ತು ಎಚ್ಚರಿಕೆಯ ಪರೀಕ್ಷೆ ಅದು. ಆಗ ಹೆದರಿ ಆ ಸೆಟ್ಟಿಂಗ್ ಆಫ್ ಮಾಡಿದವರು ಮತ್ತೆ ಆನ್ ಮಾಡಿಕೊಳ್ಳಿ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನ ಗುಡ್ಡ ಹೆದ್ದಾರಿಗೆ ಕುಸಿದದ್ದನ್ನು ಕಂಡ ಜಿಲ್ಲೆ ನಮ್ಮದು.

ಅಡಿಕೆ ಸುಲಿಯುವ ಕೈಗೆ ಫೋನು ತೆರೆಯದು

ಸುಗ್ಗಿಯ ಹೊತ್ತಿಗೆ ಶಿರಸಿ ಕಡೆಯಿಂದ ಆಯಿಯ ಫೋನು ಬಂದರೆ ಮೊದಲ ಮಾತು: "ತಮಾ, ಹೆಬ್ಬೆಟ್ಟು ಒತ್ತಿದ್ರೂ ಆಗ್ತಿಲ್ಲೆ." ಮೆಟ್ಟುಗತ್ತಿಯ ಮುಂದೆ ಕೂತು ದಿನವಿಡೀ ಹಸಿ ಅಡಿಕೆ ಸುಲಿದರೆ ಚೊಗರು ಕೈಗೆ ಹತ್ತಿ ಬೆರಳ ತುದಿ ಕಪ್ಪಾಗುತ್ತದೆ, ಚರ್ಮ ಒರಟಾಗುತ್ತದೆ. ಬೆರಳಿನ ಗೆರೆಗಳ ನಡುವೆ ಚೊಗರಿನ ಕಲೆ ತುಂಬಿಕೊಂಡರೆ ಫೋನಿನ ಕಣ್ಣಿಗೆ ಅದು ಬೇರೆಯದೇ ಬೆರಳು. ನಾಟಿ ಮಾಡುವವರಿಗೆ, ಅಘನಾಶಿನಿಯ ಅಳಿವೆಯಲ್ಲಿ ಬಳಚು ಹೆಕ್ಕುವವರಿಗೆ, ಮೀನು ಕೊಯ್ಯುವವರಿಗೆ ಇದೇ ಗೋಳು. ನೀರಿನಲ್ಲಿ ಹೊತ್ತುಗಟ್ಟಲೆ ನೆನೆದು ಸುಕ್ಕಾದ ಬೆರಳನ್ನೂ ಫೋನು ಗುರುತಿಸುವುದಿಲ್ಲ.

ಇದಕ್ಕೆ ಮಾಡಬೇಕಾದ್ದು:

1. ಹಳೆಯ ಬೆರಳಚ್ಚುಗಳನ್ನೆಲ್ಲ ಸೆಟ್ಟಿಂಗಿನಲ್ಲಿ ಅಳಿಸಿ.
2. ಕೆಲಸದ ದಿನವೇ, ಕೈ ತೊಳೆದು ಒರೆಸಿ, ಚೊಗರಿನ ಕಲೆ ಇರುವ ಹೆಬ್ಬೆರಳನ್ನೇ ಹೊಸದಾಗಿ ದಾಖಲಿಸಿ. ಬೆರಳನ್ನು ಒಂದೇ ಕಡೆ ಒತ್ತದೆ ತುದಿ, ಬದಿ, ಬುಡ ಎಲ್ಲ ತೋರಿಸಿ.
3. ಅದೇ ಬೆರಳನ್ನು ಇನ್ನೊಂದು ಹೆಸರಿನಲ್ಲಿ ಎರಡನೇ ಸಲ ದಾಖಲಿಸಿ. ಫೋನು ಒಪ್ಪಿದರೆ ಇದರಿಂದ ಒಳ್ಳೆ ಗುಣ ಕಾಣುತ್ತದೆ.
4. ಎಡಗೈಯ ಕಿರುಬೆರಳನ್ನೂ ಸೇರಿಸಿ. ಕೆಲಸದಲ್ಲಿ ಕಡಿಮೆ ಸವೆಯುವ ಬೆರಳು ಅದು.
5. ಸ್ಕ್ರೀನಿನ ಒಳಗೇ ಬೆರಳಚ್ಚು ಓದುವ ಫೋನಾದರೆ ದಪ್ಪ ಟೆಂಪರ್ಡ್ ಗ್ಲಾಸ್ ಹಾಕಿಸಬೇಡಿ. ಹಾಕಿಸಿದ್ದರೆ ಅದಾದ ಮೇಲೆ ಬೆರಳನ್ನು ಮತ್ತೆ ದಾಖಲಿಸಿ.

ಒಣಗಿದ ಬೆರಳಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೂ ಎಷ್ಟೋ ಸಲ ತೆರೆಯುತ್ತದೆ. ಪಿನ್ ನಂಬರ್ ಮಾತ್ರ ನೆನಪಿರಲಿ. ಅದನ್ನು ಕವರಿನ ಒಳಗೆ ಚೀಟಿ ಬರೆದು ಇಡುವವರನ್ನು ಕಂಡಿದ್ದೇನೆ, ದಯವಿಟ್ಟು ಬೇಡ.

ಬೇಡದ ಕರೆ, ಬೇಡದ ಫೋಟೊ, ಬೇಡದ ಆ್ಯಪು

ಬೇಡದ ಜಾಹೀರಾತಿನ ಕರೆಗಳನ್ನು ನಿಲ್ಲಿಸಲು: START 0 ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದು 1909ಕ್ಕೆ ಮೆಸೇಜ್ ಕಳಿಸಿ. ಅದೇ ನಂಬರಿಗೆ ಕರೆ ಮಾಡಿಯೂ ಹೇಳಬಹುದು. ಜಾಹೀರಾತಿನ ಅಧಿಕೃತ ಕರೆಗಳು 140ರಿಂದ ಶುರುವಾಗುತ್ತವೆ. ಬ್ಯಾಂಕಿನಂಥವರ ಸೇವೆಯ ಕರೆಗಳಿಗೆ 1600ರಿಂದ ಶುರುವಾಗುವ ನಂಬರುಗಳನ್ನು ಕೊಟ್ಟಿದ್ದಾರೆ. ಮಾಮೂಲಿ ಮೊಬೈಲ್ ನಂಬರಿನಿಂದ ಯಾರಾದರೂ "ಬ್ಯಾಂಕಿನಿಂದ ಮಾತಾಡ್ತಿದ್ದೇನೆ" ಅಂದರೆ ಇಟ್ಟುಬಿಡಿ. ಮೋಸದ ಕರೆ, ಮೆಸೇಜುಗಳ ಬಗ್ಗೆ ಸರ್ಕಾರದ ಸಂಚಾರ್ ಸಾಥಿ ಆ್ಯಪಿನಲ್ಲಿ ದೂರು ಕೊಡಬಹುದು. ಕಳೆದುಹೋದ ಫೋನನ್ನು ಬಂದ್ ಮಾಡಿಸುವುದೂ, ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ನೋಡುವುದೂ ಅಲ್ಲೇ. ಬಂದ್ ಮಾಡಿಸಲು ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್ ಬೇಕು. ಈಗಲೇ *#06# ಒತ್ತಿ, ಬಂದ ನಂಬರನ್ನು ಕಾಗದದ ಮೇಲೆ ಬರೆದಿಡಿ.

"ಪಾರ್ಸೆಲ್ ಬಂದಿದೆ, ಈ ನಂಬರ್ ಒತ್ತಿ" ಅಂತ ಸ್ಟಾರ್ ಗುರುತಿನಿಂದ ಶುರುವಾಗುವ ಏನನ್ನಾದರೂ ಯಾರೋ ಒತ್ತಿಸಿದ್ದರೆ ನಿಮ್ಮ ಕರೆಗಳೆಲ್ಲ ಅವರ ಫೋನಿಗೆ ತಿರುಗುತ್ತಿರಬಹುದು, ಓಟಿಪಿ ಹೇಳುವ ಕರೆಯೂ ಸೇರಿ. ##002# ಒತ್ತಿ ಕರೆ ಮಾಡಿದರೆ ಎಲ್ಲ ತಿರುಗಿಸುವಿಕೆಯೂ ರದ್ದು.

ವಾಟ್ಸಾಪಿನಲ್ಲಿ ಮದುವೆ ಕರೆಯೋಲೆ, ವಾಹನದ ದಂಡದ ಚಲನ್ ಅಂತ ಬರುವ ಎಪಿಕೆ ಫೈಲನ್ನು (ಫೋನಿಗೆ ಆ್ಯಪ್ ಹಾಕುವ ಫೈಲು) ಒತ್ತಬೇಡಿ. ನಂಟರ ನಂಬರಿನಿಂದ ಬಂದರೂ ಅಷ್ಟೆ, ಅವರ ಫೋನು ಆಗಲೇ ಕಳ್ಳರ ಕೈ ಸೇರಿರಬಹುದು. ಕರೆಯೋಲೆ ಫೋಟೊ ಆಗಿ ಬರುತ್ತದೆ, ಪಿಡಿಎಫ್ ಆಗಿ ಬರುತ್ತದೆ, ಆ್ಯಪ್ ಆಗಿ ಬರುವುದಿಲ್ಲ. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ದುಡ್ಡನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಜಾಸ್ತಿ.

ಸ್ಟೋರೇಜ್ ತುಂಬಿ ಫೋನು ನಿಧಾನ ಆಗಿದ್ದರೆ ಕಾರಣ ಹೆಚ್ಚಾಗಿ ಶುಭೋದಯದ ಹೂಗಳು, ಯಕ್ಷಗಾನದ ವಿಡಿಯೊ ತುಂಡುಗಳು. ವಾಟ್ಸಾಪಿನ ಸೆಟ್ಟಿಂಗಿನಲ್ಲಿ ಸ್ಟೋರೇಜ್ ಆ್ಯಂಡ್ ಡೇಟಾ ತೆರೆದು, ತಾನಾಗಿ ಇಳಿಯುವ ಮೂರೂ ಆಯ್ಕೆಗಳಲ್ಲಿ ಫೋಟೊ, ವಿಡಿಯೊ ಗುರುತು ತೆಗೆಯಿರಿ. ಅಲ್ಲೇ ಮ್ಯಾನೇಜ್ ಸ್ಟೋರೇಜ್ ಒತ್ತಿದರೆ ದೊಡ್ಡ ಫೈಲುಗಳು ಮೇಲೆ ಕಾಣುತ್ತವೆ. ಯಕ್ಷಗಾನದ್ದನ್ನು ಬೇಕಾದರೆ ಉಳಿಸಿಕೊಳ್ಳಿ.

ರೇಡಿಯೇಶನ್: ಎಷ್ಟು ಹೆದರಬೇಕು

ಮೊಬೈಲಿನ ಅಲೆಗಳು ಎಕ್ಸ್‌ರೇ ತರದವಲ್ಲ. ಜೀವಕೋಶದ ಡಿಎನ್ಎ ಮುರಿಯುವಷ್ಟು ಶಕ್ತಿ ಅವಕ್ಕಿಲ್ಲ. ತೀರಾ ಜೋರಾಗಿದ್ದರೆ ಮೈಯನ್ನು ಬಿಸಿ ಮಾಡುತ್ತವೆ, ಹಾಗಾಗದಂತೆ ಮಿತಿ ಹಾಕಿದ್ದಾರೆ. ನಮ್ಮ ದೇಶದಲ್ಲಿ ಫೋನಿನ ಎಸ್ಎಆರ್ (ಮೈ ಹೀರಿಕೊಳ್ಳುವ ಅಲೆಗಳ ಶಕ್ತಿಯ ಅಳತೆ) ಮಿತಿ ಕಿಲೋಗೆ 1.6 ವ್ಯಾಟ್. *#07# ಒತ್ತಿದರೆ ನಿಮ್ಮ ಫೋನಿನ ಅಂಕಿ ಬರುತ್ತದೆ. ಟವರುಗಳಿಗೆ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲನ್ನು ಸರ್ಕಾರ 2012ರಲ್ಲಿ ನಿಗದಿ ಮಾಡಿತು. ಮನೆ ಹತ್ತಿರದ ಟವರ್ ಬಗ್ಗೆ ಅನುಮಾನ ಇದ್ದರೆ ಕೇಂದ್ರ ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಜಾಲತಾಣದಲ್ಲಿ ಮಾಹಿತಿ ಸಿಗುತ್ತದೆ, ಶುಲ್ಕ ಕಟ್ಟಿ ಅಳತೆಯನ್ನೂ ಮಾಡಿಸಬಹುದು.

"ಕ್ಯಾನ್ಸರ್ ಬರಬಹುದು ಅಂತ ಡಬ್ಲ್ಯೂಎಚ್ಓನೇ ಹೇಳಿದೆಯಲ್ಲ?" ಹೌದು, 2011ರಲ್ಲಿ ಡಬ್ಲ್ಯೂಎಚ್ಓ, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಅಲೆಗಳನ್ನು 2ಬಿ ಗುಂಪಿಗೆ ಸೇರಿಸಿತು. ಅಂದರೆ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ, ಗಟ್ಟಿ ಪುರಾವೆಯೂ ಇಲ್ಲ. ಅದೇ ಗುಂಪಿನಲ್ಲಿ ಲೋಳೆಸರದ ಇಡೀ ಎಲೆಯ ಸಾರವೂ ಇದೆ. ಟವರ್ ಬೇಡ ಅಂತ ಸಹಿ ಹಾಕಿದವರೇ ಬೆಳಿಗ್ಗೆ ಲೋಳೆಸರದ ಜ್ಯೂಸು ಕುಡಿಯುವುದುಂಟು! 2024ರಲ್ಲಿ ಡಬ್ಲ್ಯೂಎಚ್ಓ ಮಾಡಿಸಿದ ದೊಡ್ಡ ಪರಿಶೀಲನೆಯಲ್ಲಿ ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ.

ಇನ್ನೊಂದು ವಿಷಯ ಗಮನಿಸಿ. ಟವರ್ ದೂರ ಇದ್ದಷ್ಟೂ ನಿಮ್ಮ ಕಿವಿಗೆ ಒತ್ತಿಕೊಂಡ ಫೋನು ಹೆಚ್ಚು ಶಕ್ತಿ ಬಳಸುತ್ತದೆ. ಹಾಗಾಗಿ ಊರಿಗೆ ಟವರ್ ಬಂದರೆ ಫೋನಿನಿಂದ ತಲೆಗೆ ಬರುವ ಪ್ರಮಾಣ ಕಡಿಮೆಯೇ ಆಗುತ್ತದೆ. ಇಷ್ಟಾಗಿಯೂ ಮನಸ್ಸಿಗೆ ಸಮಾಧಾನ ಇಲ್ಲದಿದ್ದರೆ ಸ್ಪೀಕರ್ ಅಥವಾ ಇಯರ್‌ಫೋನಿನಲ್ಲಿ ಮಾತಾಡಿ. ಫೋನಿನ ಹಿಂದೆ ಅಂಟಿಸುವ "ರೇಡಿಯೇಶನ್ ತಡೆ" ಸ್ಟಿಕ್ಕರಿಗೆ ದುಡ್ಡು ಹಾಕಬೇಡಿ.

ನಿಜವಾಗಿ ಎಚ್ಚರ ಬೇಕಾದವರು ಎದೆಯಲ್ಲಿ ಪೇಸ್‌ಮೇಕರ್ ಇರುವವರು. ಫೋನಿನೊಳಗಿನ ಅಯಸ್ಕಾಂತ ಅದಕ್ಕೆ ತೊಂದರೆ ಕೊಡಬಹುದು. ಅಂಗಿಯ ಎಡ ಜೇಬಿನಲ್ಲಿ ಇಡಬೇಡಿ. ಕನಿಷ್ಠ 15 ಸೆಂಟಿಮೀಟರ್ ದೂರ ಇರಲಿ, ವೈರ್‌ಲೆಸ್ ಚಾರ್ಜಿಂಗ್ ಮಾಡುವಾಗ 30.

ಕಣ್ಣು, ಕುತ್ತಿಗೆ, ನಿದ್ದೆ

ಸ್ಕ್ರೀನ್ ನೋಡುವಾಗ ನಾವು ಕಣ್ಣು ಮಿಟುಕಿಸುವುದು ಕಡಿಮೆ. ಅದರಿಂದ ಕಣ್ಣು ಒಣಗುತ್ತದೆ, ಉರಿಯುತ್ತದೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ಏನನ್ನಾದರೂ 20 ಸೆಕೆಂಡು ನೋಡಿ ಅಂತ ಕಣ್ಣಿನ ವೈದ್ಯರು ಹೇಳುವುದು ಇದಕ್ಕೇ. ನಮಗೆ ಕಷ್ಟವೇನಿಲ್ಲ, ಕಿಟಕಿ ತೆಗೆದರೆ ತೆಂಗಿನ ಮರ. ಬ್ಲೂ ಲೈಟ್ ಕನ್ನಡಕ ಕೊಳ್ಳಲೇಬೇಕು ಅಂತಿಲ್ಲ. ಸ್ಕ್ರೀನಿನ ನೀಲಿ ಬೆಳಕಿನಿಂದ ಕಣ್ಣು ಹಾಳಾಗುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ ಅಂತ ಅಮೆರಿಕದ ನೇತ್ರತಜ್ಞರ ಅಕಾಡೆಮಿಯೇ ಹೇಳಿದೆ. 40 ದಾಟಿದವರು ಫೋನನ್ನು ಕೈ ಚಾಚಿ ಓದುತ್ತಿದ್ದರೆ ಬೇಕಾದ್ದು ಚಾಳೀಸು. ಅಲ್ಲಿಯವರೆಗೆ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಅಕ್ಷರ ದೊಡ್ಡ ಮಾಡಿಕೊಳ್ಳಿ.

ತಲೆಯ ತೂಕ ಸುಮಾರು 5 ಕಿಲೋ. ನೆಟ್ಟಗೆ ಕೂತರೆ ಬೆನ್ನು ಅದನ್ನು ಸುಲಭವಾಗಿ ಹೊರುತ್ತದೆ. ಬಗ್ಗಿಸಿದಷ್ಟೂ ಕುತ್ತಿಗೆಯ ಸ್ನಾಯುಗಳ ಮೇಲೆ ಎಳೆತ ಹೆಚ್ಚು. ತಲೆಯನ್ನು ಫೋನಿನ ಹತ್ತಿರ ಒಯ್ಯುವ ಬದಲು ಫೋನನ್ನು ಮುಖದ ಮಟ್ಟಕ್ಕೆ ತನ್ನಿ. ಕೈ ನೋಯುತ್ತದೆ ಅಂತೀರಾ? ಕೈ ನೋಯಲಿ, ಬೇಗ ಕೆಳಗಿಡುತ್ತೀರಿ. ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ನೋವಿದ್ದರೆ ಕೆಲವು ದಿನ ಟೈಪ್ ಮಾಡುವುದು ಬಿಟ್ಟು ಬಾಯಲ್ಲೇ ಹೇಳಿ. ಕೀಬೋರ್ಡಿನ ಮೈಕ್ ಒತ್ತಿದರೆ ಕನ್ನಡ ಚೆನ್ನಾಗಿಯೇ ಬರುತ್ತದೆ.

ನಿದ್ದೆಗೆ ನಾನು ನಂಬುವ ಉಪಾಯ ಒಂದೇ. ಚಾರ್ಜರನ್ನು ಮಲಗುವ ಕೋಣೆಯಿಂದ ಹೊರಗೆ ಹಾಕಿ, ಒಂದು ಅಲಾರಂ ಗಡಿಯಾರ ತನ್ನಿ. ಆ್ಯಪ್ ಟೈಮರ್, ಬೆಡ್‌ಟೈಮ್ ಮೋಡ್ ಎಲ್ಲ ಇವೆ, ಆದರೆ "ಇನ್ನು ಹದಿನೈದು ನಿಮಿಷ" ಅನ್ನುವ ಬಟನ್ನೂ ಅಲ್ಲೇ ಇದೆಯಲ್ಲ. ಬೆಂಕಿಯ ಭಯವೂ ಇದರಿಂದ ಕಡಿಮೆ. ಹಾಸಿಗೆ, ದಿಂಬಿನ ನಡುವೆ ಚಾರ್ಜ್ ಆಗುವ ಫೋನಿನ ಬಿಸಿ ಹೊರಗೆ ಹೋಗಲು ದಾರಿಯೇ ಇಲ್ಲ.

ಮಕ್ಕಳಿಗೆ ಡಬ್ಲ್ಯೂಎಚ್ಓ 2019ರಲ್ಲಿ ಹೇಳಿದ್ದು: 2 ವರ್ಷದ ಒಳಗೆ ಸ್ಕ್ರೀನ್ ಬೇಡ, 2ರಿಂದ 4 ವರ್ಷಕ್ಕೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ. ಗಂಜಿ ಉಣ್ಣಿಸುವಾಗ ಫೋನು ಹಿಡಿಸುವ ಅಜ್ಜಿಯರಿಗೆ ಇದನ್ನು ಹೇಳುವ ಧೈರ್ಯ ನಿಮಗಿರಲಿ.

ಕಿವಿ

ಇದನ್ನು ಬೇರೆಯಾಗಿ ಬರೆಯಲು ಕಾರಣ ನಮ್ಮ ಸೆಕೆ. ಒದ್ದೆ ಗಾಳಿಯ ಊರಿನಲ್ಲಿ ಕಿವಿಯೊಳಗೆ ಬೂಷ್ಟು ಬೆಳೆಯುವುದು ಮಾಮೂಲಿ ಕಾಯಿಲೆ. ಬೆವರಿದ ಕಿವಿಗೆ ಗಂಟೆಗಟ್ಟಲೆ ಇಯರ್‌ಬಡ್ ತುರುಕಿದರೆ ಅದಕ್ಕೆ ಬೇಕಾದ ಬೆಚ್ಚನೆ ತೇವ ಸಿಕ್ಕಂತೆ. ಸ್ನಾನ ಮುಗಿಸಿದ ಕೂಡಲೇ ಹಾಕಿಕೊಳ್ಳಬೇಡಿ. ಒಬ್ಬರ ಬಡ್ ಇನ್ನೊಬ್ಬರು ಹಾಕಬೇಡಿ. ರಬ್ಬರ್ ತುದಿಯನ್ನು ವಾರಕ್ಕೊಮ್ಮೆ ಬಿಚ್ಚಿ ಸೋಪುನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಶಬ್ದ ಅರ್ಧಕ್ಕಿಂತ ಸ್ವಲ್ಪ ಮೇಲೆ, ಶೇಕಡಾ 60ರ ಒಳಗೇ ಇರಲಿ. 80 ಡೆಸಿಬೆಲ್ಲಿನಲ್ಲಿ ವಾರಕ್ಕೆ 40 ಗಂಟೆ ಅನ್ನುವುದು ಡಬ್ಲ್ಯೂಎಚ್ಓ ಹಾಕಿದ ಗೆರೆ.

ತುರಿಕೆ, ಕಿವಿ ಕಟ್ಟಿದ ಹಾಗೆ ಆಗುವುದು, ನೀರು ಸೋರುವುದು ಕಂಡರೆ ಬಡ್ ಬಿಟ್ಟುಬಿಡಿ. ಬಿಸಿ ಎಣ್ಣೆ ಬಿಡಬೇಡಿ, ಹತ್ತಿಕಡ್ಡಿ ಹಾಕಿ ತಿರುವಬೇಡಿ. ಕಿವಿ ಮೂಗು ಗಂಟಲಿನ ವೈದ್ಯರ ಹತ್ತಿರ ಹೋದರೆ ಒಳಗೆ ನೋಡಿ, ಚೊಕ್ಕ ಮಾಡಿ, ಹನಿ ಔಷಧ ಬರೆದುಕೊಡುತ್ತಾರೆ. ಹೇಳಿದಷ್ಟು ದಿನವೂ ಹಾಕಿ. ತುರಿಕೆ ನಿಂತಿತು ಅಂತ ಮಧ್ಯದಲ್ಲಿ ಬಿಟ್ಟರೆ ಅದು ಮತ್ತೆ ಬರುತ್ತದೆ.